ಶಾಹೂ ಜಯಂತಿ

ಬೇಸಿಗೆಯ ರಜೆ ಮುಗಿದು ಶಾಲೆ ಆರಂಭವಾಗಿ ಕೆಲವೇ ದಿನ ಕಳೆಯುವಷ್ಟರಲ್ಲಿ ಶಾಹೂ ಜಯಂತಿ ಬರುತ್ತದೆ. ಹೊಸ ಪುಸ್ತಕಗಳಿಗೆ ರಟ್ಟು ಹಾಕುವ ಗಡಿಬಿಡಿಯಲ್ಲಿಯೇ ನಾವು ಜೂನ್ 26 ರಂದು ರಾಜರ್ಷಿ ಶಾಹೂ ಮಹಾರಾಜರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ. ಕೊಲ್ಹಾಪುರದ ದಸರಾ ಚೌಕದಲ್ಲಿರುವ ಅವರ ಪ್ರತಿಮೆಗೂ ಅಂದು ಮಾಲಾರ್ಪಣೆಯಾಗುತ್ತದೆ. ಸಮತಾ ದಿಂಡಿ ಹೊರಡುತ್ತದೆ, ಶಾಲೆಗಳಲ್ಲಿ ಭಾಷಣಗಳಾಗುತ್ತವೆ. ಮಹಾರಾಷ್ಟ್ರ ಸರಕಾರವು ಈ ದಿನವನ್ನು 'ಸಾಮಾಜಿಕ ನ್ಯಾಯ ದಿನ'ವೆಂದು ಆಚರಿಸುತ್ತದೆ.

ಕೊಲ್ಹಾಪುರ ಸಂಸ್ಥಾನವು 1949 ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸೊತ್ತಿಗೆ ಹೋದ ಮೇಲೂ ಜನರು ಅರಸರೊಬ್ಬರ ಹುಟ್ಟುಹಬ್ಬವನ್ನು ಆಚರಿಸುವುದೇಕೆ? ಇದನ್ನು ನಾವು ತಿಳಿದುಕೊಳ್ಳಬೇಕು.

ಮಹಾರಾಜರು 1874 ರ ಜೂನ್ 26 ರಂದು ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದರು. ತಾಯಿ ರಾಧಾಬಾಯಿಯವರ ತವರು ನಮ್ಮ ಕನ್ನಡ ನಾಡಿನ ಮುಧೋಳ. 1884 ರಲ್ಲಿ ಕೊಲ್ಹಾಪುರದ ರಾಜಮನೆತನಕ್ಕೆ ದತ್ತು ಹೋದ ಈ ಬಾಲಕರು ಮುಂದೆ ಧಾರವಾಡದಲ್ಲಿ ಫ್ರೇಜರ್ ಎಂಬ ಗುರುಗಳ ಬಳಿ ವಿದ್ಯೆ ಕಲಿತರು. ಇದೇ ಫ್ರೇಜರರು ಆ ಮೇಲೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. 1894 ರ ಏಪ್ರಿಲ್ 2 ರಂದು ಶಾಹೂ ಮಹಾರಾಜರು ರಾಜ್ಯಭಾರ ವಹಿಸಿಕೊಂಡರು.

ಆಗ ಓದು ಬರಹವು ಕೆಲವೇ ಮನೆಗಳ ಸೊತ್ತಾಗಿತ್ತು. ಸರಕಾರದ ನೌಕರಿಯೂ ಅದೇ ಮನೆಗಳ ಪಾಲಾಗುತ್ತಿತ್ತು. ಮಹಾರಾಜರು 1902 ರ ಜುಲೈ 26 ರಂದು, ಖಾಲಿಯಾಗುವ ಹುದ್ದೆಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಎಂದು ಆಜ್ಞೆ ಹೊರಡಿಸಿದರು. ಮೈಸೂರಿನಲ್ಲಿ ಇಂಥದೇ ವಿಚಾರಕ್ಕಾಗಿ ಮಿಲ್ಲರ್ ಸಮಿತಿ ನೇಮಕವಾದದ್ದು 1918 ರಲ್ಲಿ.

ಆದರೆ ಓದದವನಿಗೆ ಹುದ್ದೆ ದಕ್ಕುವುದು ಹೇಗೆ? ಹಳ್ಳಿಯ ಹುಡುಗನು ಕೊಲ್ಹಾಪುರಕ್ಕೆ ಓದಲು ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಅದಕ್ಕಾಗಿ ಮಹಾರಾಜರು ಮರಾಠಾ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯರೆನಿಸಿದವರು ಹೀಗೆ ನಾನಾ ಸಮಾಜಗಳ ಬೋರ್ಡಿಂಗುಗಳಿಗೆ ಆಶ್ರಯವಿತ್ತರು. ಮುಂದೆ 'ರಯತ ಶಿಕ್ಷಣ ಸಂಸ್ಥೆ'ಯನ್ನು ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ಇಲ್ಲಿಯ ಜೈನ ಬೋರ್ಡಿಂಗಿನಲ್ಲಿ ಇದ್ದವರು.

1917 ರಲ್ಲಿ ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ 1 ರೂಪಾಯಿ ದಂಡ! 1919 ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಇದ್ದ ಬೇರೆ ಶಾಲೆಗಳನ್ನು ಮುಚ್ಚಿ, ಎಲ್ಲರೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂದು ಆಜ್ಞೆಯಾಯಿತು.

ಮಹಾರಾಜರು ಆಜ್ಞೆ ಮಾಡಿ ಸುಮ್ಮನೆ ಕೂಡುವವರಲ್ಲ. ಗಂಗಾರಾಮ ಕಾಂಬಳೆ ಎಂಬ ದಲಿತರು ಕೊಲ್ಹಾಪುರದಲ್ಲಿ ಚಹದಂಗಡಿ ಇಡಲು ಅವರೇ ನೆರವಾದರು. ಮೇಲು ಜಾತಿಯವರು ಅಲ್ಲಿಗೆ ಬರಲು ಹಿಂಜರಿದಾಗ ತಾವೇ ಹೋಗಿ ಚಹ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಅರಸರೇ ಕುಡಿದ ಮೇಲೆ ಬೇಡವೆನ್ನುವವರಾರು? 1920 ರ ಮಾರ್ಚಿನಲ್ಲಿ ಇಚಲಕರಂಜಿಯ ಕಡೆಯ ಮಾಣಗಾಂವದಲ್ಲಿ ನಡೆದ ಪರಿಷತ್ತಿನಲ್ಲಿ ತರುಣ ಡಾ. ಅಂಬೇಡಕರರನ್ನು ತೋರಿಸಿ, ಇವರೇ ನಿಮ್ಮ ನಾಯಕರೆಂದು ಸಾರಿದರು. 1922 ರ ಮೇ 6 ರಂದು, 48 ವರ್ಷ ತುಂಬುವ ಮೊದಲೇ, ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಗಡಹಿಂಗ್ಲಜವೂ ಆ ಸಂಸ್ಥಾನದ್ದೇ ಭಾಗವಾಗಿತ್ತು. ನಮ್ಮ ಅಜ್ಜ, ಮುತ್ತಜ್ಜಂದಿರಲ್ಲಿ ಅನೇಕರ ಕೈಗೆ ಪಾಟಿ ಬಳಪ ಬಂದದ್ದು ಇಂಥ ಆಜ್ಞೆಗಳ ಫಲದಿಂದ. ನಾವು ಕನ್ನಡದಲ್ಲಿ ಕಲಿಯುತ್ತೇವೆ, ನೆರೆಮನೆಯ ಗೆಳೆಯರು ಮರಾಠಿಯಲ್ಲಿ ಕಲಿಯುತ್ತಾರೆ. ಆದರೆ ಈ ಋಣ ಇಬ್ಬರಿಗೂ ಒಂದೇ.

ಪಾಲಕರಲ್ಲಿಯೂ ನಮ್ಮದೊಂದು ವಿನಂತಿ. ಕಬ್ಬು ಕಡಿಯುವ ಸುಗ್ಗಿಯಲ್ಲಿ, ಮಗ್ಗದ ಕೆಲಸ ಹೆಚ್ಚಿದಾಗ, ಮನೆಯಲ್ಲಿ ಚಿಕ್ಕ ಕೂಸನ್ನು ನೋಡಿಕೊಳ್ಳುವವರಿಲ್ಲದಾಗ ಮೊದಲು ಶಾಲೆ ತಪ್ಪುವುದು ಹೆಚ್ಚಾಗಿ ಹೆಣ್ಣುಮಗಳಿಗೇ. ಒಂದು ರೂಪಾಯಿಯ ಆ ದಂಡವನ್ನು ಈಗ ವಸೂಲು ಮಾಡುವವರಿಲ್ಲ. ಆದರೆ ಶಾಲೆ ಬಿಟ್ಟ ಮಗುವು ಆ ದಂಡವನ್ನು ಜೀವನವಿಡೀ ತೆರುತ್ತದೆ. ಜೂನ್ 26 ರಂದು ಹೂಮಾಲೆ ಹಾಕುವುದರ ಜೊತೆಗೆ, ಜೂನ್ 27 ರಂದು ತರಗತಿಯಲ್ಲಿ ಒಂದು ಸ್ಥಳವೂ ಬರಿದಾಗಿರದಂತೆ ನೋಡಿಕೊಂಡರೆ ಅದೇ ನಿಜವಾದ ಶಾಹೂ ಜಯಂತಿ.