ಪೊಟ್ಟಣದ ಬಣ್ಣ ಬಾಯಿಗೆ ಬರಬಾರದು

ಮಕ್ಕಳೇ, ಬಿಸ್ಕತ್ತು ತಿಂದ ಮೇಲೆ ಖಾಲಿ ಪೊಟ್ಟಣವನ್ನು ಕೂಡಲೇ ಕಸದ ಬುಟ್ಟಿಗೆ ಹಾಕಬೇಡಿ. ಅಂಟಿಸಿದ ಅಂಚನ್ನು ಬಿಡಿಸಿ ನೋಡಿ. ಎಷ್ಟೋ ಪೊಟ್ಟಣಗಳಲ್ಲಿ ಅಲ್ಲಿ ಬಣ್ಣಬಣ್ಣದ ಪುಟ್ಟ ಚೌಕಗಳೋ ಚುಕ್ಕೆಗಳೋ ಸಾಲಾಗಿರುತ್ತವೆ. ಯಾವ ಯಾವ ಶಾಯಿ ಬಳಸಿದ್ದಾರೆ ಎಂಬ ಲೆಕ್ಕ ಅದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ನಿವೃತ್ತನಾದ ನನಗೆ ಲೆಕ್ಕ ಕಂಡರೆ ಸುಮ್ಮನಿರಲಾಗದು.

ಸಾಮಾನ್ಯವಾಗಿ ನಾಲ್ಕು ಶಾಯಿಗಳು: ತಿಳಿನೀಲಿಯ ಸಯಾನ್, ಗಾಢ ಗುಲಾಬಿಯ ಮಜೆಂತಾ, ಹಳದಿ, ಕಪ್ಪು. ಅಜ್ಜನ ಭೂತಗನ್ನಡಿಯಲ್ಲಿ ಚಿತ್ರವನ್ನು ನೋಡಿ, ಬರೀ ಚುಕ್ಕೆಗಳೇ ಕಾಣುತ್ತವೆ. ಹಳದಿಯೂ ಮಜೆಂತಾವೂ ಸೇರಿದರೆ ಕೆಂಪು, ಹಳದಿಯೂ ಸಯಾನೂ ಸೇರಿದರೆ ಹಸಿರು. ಪಾರದರ್ಶಕ ಪ್ಲಾಸ್ಟಿಕ್ಕಾದರೆ ಬಣ್ಣ ಎದ್ದು ಕಾಣಲು ಹಿಂದೆ ಬಿಳಿ ಶಾಯಿಯೂ ಬೇಕು.

ಈ ಶಾಯಿಯಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ: ಬಣ್ಣದ ಪುಡಿ, ಅದನ್ನು ಹಿಡಿದಿಡುವ ರಾಳ, ತೆಳುವಾಗಿಸುವ ದ್ರಾವಕ. ಮುದ್ರಿಸಿದೊಡನೆ ಬಿಸಿಗಾಳಿ ಹಾಯಿಸಿ ದ್ರಾವಕವನ್ನು ಆರಿಸುತ್ತಾರೆ. ಚಿಪ್ಸ್ ಪೊಟ್ಟಣದಲ್ಲಿ ಇನ್ನೂ ಒಂದು ಜಾಣತನವಿದೆ. ಹೊರಗಿನ ಹಾಳೆಯ ಒಳಮೈಗೆ ಚಿತ್ರವನ್ನು ತಿರುಗುಮುರುಗಾಗಿ ಅಚ್ಚು ಹಾಕಿ, ಅದರ ಮೇಲೆ ಮತ್ತೊಂದು ಹಾಳೆ ಅಂಟಿಸುತ್ತಾರೆ. ಶಾಯಿ ಎರಡರ ನಡುವೆ ಬಂದಿ! ನಮ್ಮ ಬೆರಳಿಗೂ ತಾಗದು, ಚಿಪ್ಸಿಗೂ ತಾಗದು.

ಇಷ್ಟೆಲ್ಲ ಏಕೆ? ಅಚ್ಚಾದ ಮೈ ತಿನಿಸಿಗೆ ನೇರವಾಗಿ ತಾಗಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ. ತಿನಿಸನ್ನು ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದೂ ಅದೇ ನಿಯಮ ಹೇಳುತ್ತದೆ.

ಆದರೆ ಸಂಜೆ ಬಿಸಿಬಿಸಿ ಬೋಂಡ ಬರುವುದು ಯಾವುದರಲ್ಲಿ? ಹಳೆಯ ಪತ್ರಿಕೆಯಲ್ಲೇ! ಪತ್ರಿಕೆಯ ಶಾಯಿಯಲ್ಲಿ ಎಣ್ಣೆಯಂಶವಿದ್ದು, ಅದು ಗಟ್ಟಿಯಾಗಿ ಒಣಗುವ ಬದಲು ಕಾಗದದಲ್ಲಿ ಇಂಗುತ್ತದೆ. ಅದಕ್ಕೇ ಓದಿದ ಬೆರಳು ಕಪ್ಪಾಗುವುದು. ಬೋಂಡದ ಬಿಸಿ ಎಣ್ಣೆ ತಾಗಿದರೆ ಶಾಯಿ ಸಲೀಸಾಗಿ ತಿನಿಸಿಗೆ ಇಳಿಯುತ್ತದೆ.

“ನಾವೆಲ್ಲ ಹಾಗೇ ತಿಂದು ಬೆಳೆದವರಲ್ಲವೇ?” ಎಂದು ನನ್ನ ವಯಸ್ಸಿನವರು ಕೇಳುವುದುಂಟು. ಈ ಅಪಾಯ ಒಂದೇ ದಿನದಲ್ಲಿ ಕಾಣುವಂಥದ್ದಲ್ಲ. ಹೆಚ್ಚು ತೊಂದರೆ ವಯಸ್ಸಾದವರಿಗೆ ಮತ್ತು ಮಕ್ಕಳಿಗೆ ಎಂದು ಪ್ರಾಧಿಕಾರ 2016ರಲ್ಲೇ ಎಚ್ಚರಿಸಿತ್ತು. ಅಂದರೆ ನನಗೆ ಮತ್ತು ನಿಮಗೆ!

ಆದ್ದರಿಂದ ಬೋಂಡ ತರಲು ಹೋಗುವಾಗ ಸ್ಟೀಲ್ ಡಬ್ಬಿ ಒಯ್ಯಿರಿ. ಮರೆತಿದ್ದರೆ, “ಅಣ್ಣ, ಬಾಳೆ ಎಲೆಯಲ್ಲಿ ಕಟ್ಟಿಕೊಡಿ” ಎನ್ನಿ. ಪತ್ರಿಕೆ ಓದುವುದಕ್ಕೆ, ಬೋಂಡ ತಿನ್ನುವುದಕ್ಕೆ. ಎರಡನ್ನೂ ಬೇರೆ ಬೇರೆಯಾಗಿಯೇ ಸವಿಯೋಣ.