ನೀರಿಳಿದ ಮೇಲೆ ಬೇಕಾಗುವ ಕೈಗಳು

ನೆರೆ ಬಂದಾಗ ಎಲ್ಲರ ಕಣ್ಣು ನೀರಿನ ಮೇಲಿರುತ್ತದೆ. ದೋಣಿ, ಹೆಲಿಕಾಪ್ಟರ್, ಗಂಜಿಕೇಂದ್ರಗಳ ಸುದ್ದಿ ಪತ್ರಿಕೆಗಳ ಮುಖಪುಟ ತುಂಬುತ್ತದೆ. ನೀರು ಇಳಿದೊಡನೆ ಸುದ್ದಿಯೂ ನಿಲ್ಲುತ್ತದೆ. ಆದರೆ ಕುಟುಂಬದ ನಿಜವಾದ ಪರೀಕ್ಷೆ ಆರಂಭವಾಗುವುದು ಆಗಲೇ. ಮರಳಿ ಬಂದ ಗೃಹಿಣಿ ಬಾಗಿಲು ತೆರೆದಾಗ ಕಾಣುವುದೇನು? ಮೊಣಕಾಲೆತ್ತರದ ಕೆಸರು, ಮಗುಚಿ ಬಿದ್ದ ಕಪಾಟು, ಕೊಳೆತ ಅಕ್ಕಿ, ಮುದ್ದೆಯಾದ ಮಕ್ಕಳ ಪುಸ್ತಕಗಳು. ಆ ಹೊತ್ತಿನಲ್ಲಿ ಅವಳಿಗೆ ಹೆಚ್ಚು ಬೇಕಾದುದು ಇನ್ನೊಂದು ಸೀರೆಯೋ, ಸಲಿಕೆ ಹಿಡಿಯುವ ಎರಡು ಕೈಗಳೋ? ಸಹೋದರಿಯರೇ, ಸ್ವಲ್ಪ ಯೋಚಿಸಿ.

2018ರ ಆಗಸ್ಟ್‌ನಲ್ಲಿ ನೆರೆರಾಜ್ಯ ಕೇರಳ ಕಂಡ ಮಹಾಪ್ರವಾಹದಲ್ಲಿ 400ಕ್ಕೂ ಹೆಚ್ಚು ಜೀವಗಳು ಹೋದವು. ಸುಮಾರು 14 ಲಕ್ಷ ಜನರು ಪರಿಹಾರ ಶಿಬಿರಗಳಲ್ಲಿ ಆಶ್ರಯ ಪಡೆದರು. ಮೀನುಗಾರರು ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಬಂದು ಸಾವಿರಾರು ಮಂದಿಯನ್ನು ರಕ್ಷಿಸಿದ್ದು ಎಲ್ಲರಿಗೂ ಗೊತ್ತು. ಅವರ ಬೆನ್ನಿಗೇ ಬುಟ್ಟಿ, ಹಿಡಿಸೂಡಿ ಹಿಡಿದು ಬಂದವರ ಕತೆ ಅಷ್ಟು ಪ್ರಚಾರ ಪಡೆಯಲಿಲ್ಲ.

ಆಲಪ್ಪುಳ ಜಿಲ್ಲೆಯ ಕುಟ್ಟನಾಡು ಸಮುದ್ರಮಟ್ಟಕ್ಕಿಂತ ಕೆಳಗಿರುವ ಗದ್ದೆಗಳ ನಾಡು. ಅಲ್ಲಿ ಆಗಸ್ಟ್ 28ರಂದು ಆರಂಭವಾದ ಸಾಮೂಹಿಕ ಶುಚೀಕರಣದಲ್ಲಿ 50,000ಕ್ಕೂ ಹೆಚ್ಚು ಸ್ವಯಂಸೇವಕರು ಕೈಜೋಡಿಸಿದರು. ಬಡಗಿಗಳು, ಪ್ಲಂಬರುಗಳು, ಎಲೆಕ್ಟ್ರಿಷಿಯನ್‌ಗಳು ತಮ್ಮ ಕಸುಬನ್ನೇ ದಾನವಾಗಿ ಕೊಟ್ಟರು. ರಾಜ್ಯದುದ್ದಕ್ಕೂ ಕುಟುಂಬಶ್ರೀಯ ಮಹಿಳೆಯರು ಮನೆ, ಶಾಲೆ, ಅಂಗನವಾಡಿಗಳನ್ನು ತೊಳೆದರು. ಅವರಲ್ಲಿ ಎಷ್ಟೋ ಮಂದಿಯ ಸ್ವಂತ ಮನೆಗಳಿಗೂ ನೀರು ನುಗ್ಗಿತ್ತು.

ಆ ವರ್ಷ ಆಗಸ್ಟ್ 22ಕ್ಕೆ ಬಕ್ರೀದ್. ತ್ರಿಶ್ಶೂರು ಜಿಲ್ಲೆಯ ಮಾಳದ ಬಳಿ ಮಸೀದಿಯೊಂದು ನೀರಿನಲ್ಲಿ ಮುಳುಗಿದ್ದರಿಂದ, ಸಮೀಪದ ದೇವಸ್ಥಾನದವರು ತಮ್ಮ ಸಭಾಂಗಣವನ್ನು ಈದ್ ನಮಾಝಿಗೆ ಬಿಟ್ಟುಕೊಟ್ಟರು. ಅತ್ತ ವಯನಾಡಿನಲ್ಲಿ ಮುಸ್ಲಿಂ ಯುವಕರು ಕೆಸರು ತುಂಬಿದ ದೇವಸ್ಥಾನವನ್ನು ಶುಚಿಗೊಳಿಸಿದರು. ದಾರಿಯ ಮುಳ್ಳನ್ನು ಬದಿಗೆ ಸರಿಸುವುದೂ ಸದಕಾ ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವಲ್ಲ, ಅದರ ಅರ್ಥ ಅಂದು ಸಲಿಕೆಯ ತುದಿಯಲ್ಲಿ ಕಾಣಿಸಿತು.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದು, ತಿಳುವಳಿಕೆಯೂ ಬೇಕು. ನೀರು ನುಗ್ಗಿದ ಮನೆಗೆ ಕಾಲಿಡುವ ಮೊದಲು ಗೋಡೆ, ಮಾಡು ಗಟ್ಟಿಯಾಗಿವೆಯೇ ಎಂದು ಬಲ್ಲವರು ನೋಡಬೇಕು. ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಸ್ವಿಚ್ಚು ಮುಟ್ಟಬಾರದು. ಕಪಾಟಿನ ಸಂದಿಯಲ್ಲಿ, ಪಾತ್ರೆಗಳ ಅಡಿಯಲ್ಲಿ ಹಾವು ಸೇರಿಕೊಂಡಿರಬಹುದು. ಪರಿಹಾರಕ್ಕೆ ಅರ್ಜಿ ಹಾಕಲು ಅನುಕೂಲವಾಗುವಂತೆ ಹಾನಿಯ ಫೋಟೋ ತೆಗೆದಿಡಬೇಕು. ಕೆಸರನ್ನು ಹಸಿಯಿರುವಾಗಲೇ ಎತ್ತಬೇಕು. ಒಣಗಿದರೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಕೆಸರು ನೀರಿನಲ್ಲಿ ಇಲಿಜ್ವರದ ಅಪಾಯವೂ ಇದೆ. ಕೇರಳದಲ್ಲಿ ನೆರೆ ಇಳಿದ ಬಳಿಕ ಈ ರೋಗ ಹಬ್ಬಿತು. ಆದ್ದರಿಂದ ಗಮ್‌ಬೂಟು, ಕೈಗವಸು ಇಲ್ಲದೆ ಇಳಿಯಬಾರದು. ಕಾಲಿನಲ್ಲಿ ಗಾಯವಿದ್ದವರು ಈ ಕೆಲಸದಿಂದ ದೂರವಿರಬೇಕು. ಮುನ್ನೆಚ್ಚರಿಕೆಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು.

ಇನ್ನೊಂದು ಮಾತು. ಮನೆ ಶುಚಿಗೊಳಿಸುವುದೆಂದರೆ ಕಸ ಹೊರಗೆಸೆಯುವುದಷ್ಟೇ ಅಲ್ಲ. ನಮಗೆ ಚಿಂದಿಯಾಗಿ ಕಂಡದ್ದು ಆ ಮನೆಯಾಕೆಗೆ ತಾಯಿ ಕೊಟ್ಟ ಮದುವೆ ಸೀರೆಯಾಗಿರಬಹುದು. ಆಕೆಯನ್ನು ಕೇಳದೆ ಏನನ್ನೂ ಎಸೆಯಬೇಡಿ. ಒದ್ದೆಯಾದ ದಾಖಲೆಪತ್ರಗಳನ್ನು ನೆರಳಿನಲ್ಲಿ ಒಣಗಿಸಲು ಹಾಕಿ. ಆಕೆಯ ಬಟ್ಟೆಬರೆ, ಅಡುಗೆಮನೆ, ಮಲಗುವ ಕೋಣೆಯನ್ನು ಅಪರಿಚಿತ ಗಂಡಸರು ಕೆದಕುವುದು ಆಕೆಗೆ ಎಷ್ಟು ಮುಜುಗರ! ಆದ್ದರಿಂದಲೇ ಸ್ವಯಂಸೇವಕರ ಪ್ರತಿ ತಂಡದಲ್ಲೂ ಮಹಿಳೆಯರಿರಬೇಕು. ಭಾರ ಎತ್ತಲು ಗಂಡಸರಿರಲಿ, ಆಯ್ದು ತೊಳೆದು ಜೋಡಿಸಲು ಮತ್ತು ಆಕೆಯ ಪಕ್ಕ ಕುಳಿತು ಒಂದೆರಡು ಮಾತಾಡಲು ನಾವಿರೋಣ.

ಇಂಥ ದಿನಗಳು ನಮಗೂ ಹೊಸತಲ್ಲ. ಅದೇ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಊರುಗಳು ಮುಳುಗಿದವು. ಮುಂದಿನ ಮಳೆಗಾಲ ಯಾರ ಬಾಗಿಲು ತಟ್ಟುವುದೋ ಅಲ್ಲಾಹನೇ ಬಲ್ಲ. ಹಾಗಾಗಿ ಈಗಲೇ ನಿಮ್ಮ ಮೊಹಲ್ಲಾದಲ್ಲಿ ಹತ್ತು ಮನೆಯವರು ಕೂಡಿ ಮಾತಾಡಿ. ಸಲಿಕೆ, ಬಕೆಟು, ಕೈಗವಸುಗಳನ್ನು ಒಂದೆಡೆ ಇಡಿ. ವೈರಿಂಗ್ ಬಲ್ಲವರು ಯಾರು, ಗಾರೆ ಕೆಲಸ ಬಲ್ಲವರು ಯಾರು, ನರ್ಸ್ ಯಾರು ಎಂದು ಬರೆದಿಡಿ.

ನೀರು ಬಂದಾಗ ಓಡಿ ಬರುವವರು ಹಲವರು. ಅದು ಇಳಿದ ಮೇಲೂ ಉಳಿಯುವವರು ಕೆಲವರೇ. ಆ ಕೆಲವರಲ್ಲಿ ನಮ್ಮ ಮನೆಯವರೂ ಒಬ್ಬರಿರಲಿ.