ಗಾಳಿ ಹೋಗುವ ದಾರಿ

ಕಂಪ್ಯೂಟರ್ ಎಳೆದುಕೊಂಡ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬೀಳುತ್ತದೆ. ಗೇಮ್ ಆಡುವಾಗ 300 ವಾಟ್ ಎಳೆಯುವ ಡೆಸ್ಕ್‌ಟಾಪ್ ಅಷ್ಟೇ ವಾಟಿನ ಹೀಟರೂ ಹೌದು. ಒಳಬಂದ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯದೆ ಹೊರಹೋಗಬೇಕೆಂದರೆ ಸೆಕೆಂಡಿಗೆ ಸುಮಾರು 26 ಲೀಟರ್ ಗಾಳಿ ಹಾಯಬೇಕು. 120 ಮಿಲಿಮೀಟರಿನ ಒಂದು ಒಳ್ಳೆಯ ಫ್ಯಾನ್ ಅಡೆತಡೆಯಿಲ್ಲದ ಜಾಗದಲ್ಲಿ ಇಷ್ಟನ್ನು ತಳ್ಳಬಲ್ಲದು. ಎದುರಿಗೆ ಧೂಳಿನ ಜಾಲರಿಯೋ ಮುಚ್ಚಿದ ಫಲಕವೋ ಬಂದರೆ ಬಹಳ ಕಡಿಮೆ.

ಹಾಗಾಗಿ ಫ್ಯಾನ್ ಎಣಿಸುವ ಮೊದಲು ಕ್ಯಾಬಿನೆಟ್ಟಿನ ಮುಖ ನೋಡಿ. ಮುಂಭಾಗಕ್ಕೆ ಪೂರಾ ಗಾಜು, ಅಂಚಿನಲ್ಲಿ ಬೆರಳು ತೂರದ ಸಂದಿ, ಒಳಗೆ ಬಣ್ಣ ಮಿನುಗುವ ಮೂರು ಫ್ಯಾನ್: ಅಂಗಡಿಯಲ್ಲಿ ಚೆಂದ, ಮನೆಯಲ್ಲಿ ಬಿಸಿ. ಸಾದಾ ಜಾಲರಿ ಮುಖದ್ದೇ ವಾಸಿ.

ಹೆಚ್ಚಿನ ಫ್ಯಾನ್‌ಗಳು ತೆರೆದ ಬದಿಯಿಂದ ಗಾಳಿ ಎಳೆದು, ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳ ಬದಿಗೆ ಊದುತ್ತವೆ. ರೆಕ್ಕೆ ತಿರುವುಮುರುವಾದವೂ ಈಗ ಸಿಗುತ್ತವೆ. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ಅದನ್ನೇ ನಂಬಿ. ದಿಕ್ಕಿನ ವಿಷಯದಲ್ಲಿ ದೊಡ್ಡವರೂ ಮನಸ್ಸು ಬದಲಿಸಿದ್ದಾರೆ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ, ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ, ಪ್ರೊಸೆಸರಿನ ಮೇಲೆ ಊದಬೇಕಿತ್ತು. ಆದರೆ ಆ ಗಾಳಿ ಎಸ್‌ಎಂಪಿಎಸ್ ಒಳಗೇ ಕಾದು ಬರುತ್ತಿತ್ತು. ಆಮೇಲೆ ಅದನ್ನು ಹೊರಕ್ಕೆ ತಿರುಗಿಸಿದರು.

ಸಾಮಾನ್ಯ ಕ್ಯಾಬಿನೆಟ್ಟಿಗೆ ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಸಾಕು. ಎದುರುಬದುರು ಕಿಟಕಿಯಿರುವ ಕೋಣೆಯಂತೆ ಗಾಳಿ ನೇರ ಹಾಯುತ್ತದೆ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಅದರ ದಾರಿಯಲ್ಲೇ ಇವೆ. ಎಡವುವುದು ನಾಲ್ಕನೆಯದನ್ನು ಸೇರಿಸುವಾಗ. ಬಿಸಿಗಾಳಿ ಮೇಲೇರುತ್ತದಲ್ಲ ಎಂದು ಅದನ್ನು ಚಾವಣಿಯ ಮುಂತುದಿಯಲ್ಲಿ ಹೊರಮುಖವಾಗಿ ಕೂರಿಸುತ್ತಾರೆ. ಮುಂದಿನ ಮೇಲಿನ ಫ್ಯಾನ್ ಎಳೆದು ತಂದ ತಂಪು ಗಾಳಿ ಪ್ರೊಸೆಸರನ್ನು ಮುಟ್ಟುವ ಮೊದಲೇ ಅಲ್ಲಿಂದ ಆಚೆ ಹೋಗುತ್ತದೆ. ಬಿಸಿಗಾಳಿ ಮೇಲೇರುವುದು ನಿಜವೇ, ಆದರೆ ಫ್ಯಾನಿನ ತಳ್ಳುವಿಕೆಯ ಮುಂದೆ ಆ ಬಲ ಲೆಕ್ಕಕ್ಕಿಲ್ಲ. ಚಾವಣಿಗೆ ಹಾಕಲೇಬೇಕೆಂದರೆ ಹಿಂತುದಿಗೆ ಹಾಕಿ.

ಹೊರದೂಡುವುದಕ್ಕಿಂತ ಒಳಕ್ಕೆಳೆಯುವುದು ತುಸು ಹೆಚ್ಚಿರಲಿ. ಆಗ ಸಂದುಗೊಂದುಗಳಲ್ಲೆಲ್ಲ ಗಾಳಿ ಹೊರಕ್ಕೇ ನುಸುಳುತ್ತದೆ, ಧೂಳು ಬರುವುದು ಜಾಲರಿ ದಾಟಿ ಮಾತ್ರ. ಹೊರದೂಡುವುದು ಹೆಚ್ಚಾದರೆ ಯುಎಸ್‌ಬಿ ಕಿಂಡಿಯಿಂದಲೂ ಧೂಳು ಒಳಬರುತ್ತದೆ. ಜಾಲರಿಯನ್ನು ಆಗಾಗ ತೊಳೆಯದಿದ್ದರೆ ಈ ಲಾಭವೂ ಇಲ್ಲ.

ಸದ್ದಿನ ಬಗ್ಗೆ ಒಂದು ಮಾತು. ವೇಗ ದುಪ್ಪಟ್ಟಾದರೆ ಗಾಳಿ ದುಪ್ಪಟ್ಟು, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಏರುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕಕ್ಕೆ ಸೇರಿಸಿದರೆ ಏರುವುದು 3 ಡೆಸಿಬೆಲ್. ಒಂದನ್ನು ಅರಚಿಸುವುದಕ್ಕಿಂತ ಎರಡನ್ನು ನಿಧಾನಕ್ಕೆ ಓಡಿಸುವುದು ವಾಸಿ.

ಜೋಡಿಸಿದ ಮೇಲೆ ಊದುಬತ್ತಿ ಹಚ್ಚಿ, ಬೂದಿ ಒಳಗೆ ಬೀಳದಂತೆ ಹೊರಗಿನಿಂದಲೇ ಒಂದೊಂದು ಕಿಂಡಿಯ ಬಳಿ ಹಿಡಿದರೆ ಗಾಳಿ ಎತ್ತ ಹೋಗುತ್ತಿದೆಯೆಂದು ಹೊಗೆಯಲ್ಲಿ ಕಾಣುತ್ತದೆ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಭಾರದ ಕೆಲಸ ನಡೆಯುವಾಗ ಪಕ್ಕದ ಫಲಕ ತೆಗೆದು ಸ್ವಲ್ಪ ಹೊತ್ತು ಕಾಯಿರಿ. ಉಷ್ಣತೆ ಥಟ್ಟನೆ ನಾಲ್ಕೈದು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲದು. ಇಳಿಯಲೇ ಇಲ್ಲವೆಂದರೆ ಹೊಸ ಫ್ಯಾನ್ ಕೊಂಡು ಫಲವಿಲ್ಲ: ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿರಬಹುದು, ಕೂಲರ್ ಚಿಕ್ಕದಿರಬಹುದು, ಅಥವಾ ಕಲಬುರಗಿಯ ಮೇ ತಿಂಗಳಿನಂತೆ ಕೋಣೆಯೇ 40 ಡಿಗ್ರಿ ಇರಬಹುದು.